‘ಸಾರಿ’ ಎಂಬ ಮಾತಿನೊಳಗಿನ ನೋವು

ಹೆಮ್ಮಿಗೆಯಂಥ ಹಳ್ಳಿಯಲ್ಲೂ ಇಂದು ‘ಸಾರಿ’ ಎಂಬ ಇಂಗ್ಲಿಷ್ ಮಾತು ಮಕ್ಕಳ ಬಾಯಲ್ಲಿ ಸಲೀಸು. ತಿ. ನರಸೀಪುರದ ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ‘ಸಾರಿ’, ಶಾಲೆಗೆ ತಡವಾದರೆ ‘ಸಾರಿ’, ತಾಯಿಯ ಮೇಲೆ ಸಿಡುಕಿದರೂ ‘ಸಾರಿ’. ಹೇಳಿದ ಮರುಗಳಿಗೆಯೇ ಮರೆತೂ ಹೋಗುತ್ತದೆ. ಇಷ್ಟು ಹಗುರವಾದ ಈ ಮಾತಿನ ಮೂಲವೇನು?

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು, ಗಾಯ. ಅದರಿಂದ ಹುಟ್ಟಿದ ‘ಸಾರಿಗ್’ ಎಂದರೆ ನೊಂದವನು. ಅದೇ ಇಂದಿನ ‘ಸಾರಿ’. ಗಂಟಲು ನೋವಿಗೆ ವೈದ್ಯರು ‘ಸೋರ್ ಥ್ರೋಟ್’ ಎನ್ನುತ್ತಾರಲ್ಲವೇ? ಆ ‘ಸೋರ್’ ಇದರ ಒಡಹುಟ್ಟು. ದುಃಖವೆಂಬ ಅರ್ಥದ ‘ಸಾರೋ’ ಮಾತ್ರ ಬೇರೊಂದು ಬೇರಿನ ಪದ. ಧ್ವನಿಯ ಹೋಲಿಕೆಯಿಂದ ನೆಂಟನಂತೆ ಕಾಣುತ್ತದೆ. ಸಾವಿನ ಮನೆಯಲ್ಲಿ ಇಂಗ್ಲಿಷರು ‘ಐ ಆಮ್ ಸಾರಿ’ ಎಂದರೆ ಅದು ತಪ್ಪೊಪ್ಪಿಗೆಯಲ್ಲ. ‘ನಿಮ್ಮ ನೋವು ನನಗೂ ತಟ್ಟಿದೆ’ ಎಂದರ್ಥ. ‘ಸಾರಿ’ ಎಂಬ ಒಂಟಿ ಪದವೇ ಕ್ಷಮಾಪಣೆಯಾದದ್ದು 19ನೇ ಶತಮಾನದ ಹೊತ್ತಿಗೆ.

ನಮ್ಮ ಹಿರಿಯರು ‘ತಪ್ಪಾಯ್ತು’ ಎನ್ನುತ್ತಿದ್ದರು. ಇಲ್ಲಿ ಕಣ್ಣು ಮಾಡಿದ ಕೆಲಸದ ಮೇಲೆ. ‘ಕ್ಷಮಿಸಿ’ ಎನ್ನುವುದು ಇನ್ನೊಂದು ಬಗೆ. ಸಂಸ್ಕೃತದ ‘ಕ್ಷಮಾ’ ಎಂದರೆ ತಾಳ್ಮೆ, ಸೈರಣೆ. ಭೂಮಿಗೂ ಅದೇ ಹೆಸರು. ಉತ್ತರೂ ಅಗೆದರೂ ಬೆಳೆ ಕೊಡುವ ನೆಲದ ಗುಣ ಗದ್ದೆಬಯಲಿನ ನಮಗೆ ತಿಳಿಯದ್ದೇ?

ಹೀಗೆ ಮೂರು ಮಾತು, ಮೂರು ಭಾವ: ನಿಮ್ಮ ನೋವು ನನ್ನನ್ನೂ ನೋಯಿಸಿದೆ, ನಾನು ತಪ್ಪು ಮಾಡಿದೆ, ನೀವು ತಾಳಿಕೊಳ್ಳಿ. ಮೊದಲಿನ ಎರಡಿಲ್ಲದೆ ಮೂರನೆಯದನ್ನು ಮಾತ್ರ ಕೇಳುವುದರಿಂದಲೇ ಎಷ್ಟೋ ಮನೆಗಳಲ್ಲಿ ಜಗಳ ಮುಗಿದೂ ಮುನಿಸು ಉಳಿಯುತ್ತದೆ.

ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕೇ ಎಂದು ಪೇತ್ರನು ಕೇಳಿದಾಗ ಪ್ರಭು ಯೇಸು ಆ ಲೆಕ್ಕವನ್ನೇ ಅಳಿಸಿಹಾಕಿದರು (ಮತ್ತಾಯ 18:21-22). ಅದು ನೊಂದವರಿಗೆ ಹೇಳಿದ ಮಾತು. ನೋಯಿಸುವವರಿಗೆ ಕೊಟ್ಟ ರಹದಾರಿಯಲ್ಲ.

ತಂದೆತಾಯಂದಿರೇ, ತಮ್ಮನನ್ನು ಹೊಡೆದ ಮಗುವಿಗೆ ‘ಸಾರಿ ಹೇಳು’ ಎಂದು ಗದರುವ ಮುಂಚೆ, ‘ಅವನಿಗೆ ಎಲ್ಲಿ ನೋವಾಯಿತು, ನೋಡು’ ಎನ್ನಿ. ಸಿಟ್ಟಿನಲ್ಲಿ ನೀವೇ ಮಗುವನ್ನು ನೋಯಿಸಿದ್ದರೆ, ಮಲಗುವ ಮುಂಚೆ ಅದರ ಬಳಿ ಕುಳಿತು ‘ತಪ್ಪಾಯ್ತು ಕಂದಾ’ ಎನ್ನಿ. ಇದರಿಂದ ಹಿರಿತನ ಕುಗ್ಗುವುದಿಲ್ಲ. ಆ ಮಾತಿನ ತೂಕವನ್ನು ಮಗು ನಿಮ್ಮಿಂದಲೇ ಕಲಿಯುತ್ತದೆ.