ಆಡಿನ ಬೆನ್ನಿಗೆ ಅವಸರ ಮಾಡಬೇಡ

ಮಗಾ,

ಮುಂದಿನ ಸೆಪ್ಟೆಂಬರಿಗೆ ಐಡಹೊ ಬೆಟ್ಟದಲ್ಲಿ ಎಲ್ಕ್ ಬೇಟೆಗೆ ಹೋಗುತ್ತೇನೆ, ಹೊರೆ ಹೊರಲು ಎರಡು ಆಡು ಕೊಂಡುಕೊಳ್ಳುತ್ತೇನೆ ಅಂದೆಯಲ್ಲ. ಬೇಟೆಗೆ ಹೋಗು. ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ಇಲ್ಲಿ ಅಮೆರಿಕದಲ್ಲಿ ಲೈಸೆನ್ಸ್, ಟ್ಯಾಗ್ ಸರಿಯಾಗಿದ್ದರೆ ಅದು ತಪ್ಪಲ್ಲ. ಆದರೆ ಈ ವರ್ಷ ಕೊಂಡ ಆಡಿನ ಬೆನ್ನ ಮೇಲೆ ಮುಂದಿನ ವರ್ಷವೇ ಮಾಂಸ ಹೇರುವ ಆಸೆ ಬಿಡು. ಆಡಿನ ಮೂಳೆ, ಕೀಲು ಬಲಿತು ಪೂರಾ ಹೊರೆಗೆ ತಯಾರಾಗಲು ನಾಲ್ಕು ವರ್ಷ ಬೇಕು.

ಮೊದಲು ಲೆಕ್ಕ ಹಾಕು. ದೊಡ್ಡ ಗಂಡು ಎಲ್ಕ್‌ನ ಮೂಳೆ ಬಿಡಿಸಿದರೂ ಸುಮಾರು 90 ಕಿಲೊ ಮಾಂಸ ಉಳಿಯುತ್ತದೆ. ತಿನ್ನುವಂಥ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬಂದರೆ ಇಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ಅದು ಪಾಪವೇ. ಸೆಪ್ಟೆಂಬರಿನ ಮಧ್ಯಾಹ್ನದ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಇನ್ನು ಆಡಿನ ಕಡೆ ನೋಡು. ಚೆನ್ನಾಗಿ ಬೆಳೆದ, ಬೀಜ ಒಡೆಸಿದ ಹೋತ 90 ಕಿಲೊ ತೂಗುತ್ತದೆ ಅಂದುಕೋ. ಮೈತೂಕದ ಕಾಲು ಭಾಗಕ್ಕಿಂತ ಹೆಚ್ಚು ಹೇರಬಾರದು, ತಡಿಯ ತೂಕವೂ ಅದರೊಳಗೇ ಬರಬೇಕು. ತಡಿ, ಚೀಲ ಕಳೆದರೆ ಹದಿನೆಂಟು ಕಿಲೊ ಮಾಂಸ ಬಂದೀತು. ಅಂದರೆ ಎರಡು ಆಡಿನಿಂದ ಒಂದು ಜಿಂಕೆ ಇಳಿಸಬಹುದು, ಎಲ್ಕ್ ಇಳಿಸಲು ಐದು ಬೇಕು. ಹೇಸರಗತ್ತೆ ಒಂದೇ ಇದಕ್ಕಿಂತ ಮೂರು ನಾಲ್ಕು ಪಟ್ಟು ಹೊರುತ್ತದೆ, ನಿಜ. ಆದರೆ ಅದಕ್ಕೆ ಟ್ರೇಲರ್ ಬೇಕು, ಹುಲ್ಲು ಬೇಕು, ಮರ ಅಡ್ಡ ಬಿದ್ದ ಕಡೆ ಅದು ನಿಂತುಬಿಡುತ್ತದೆ. ಆಡು ನೀನು ಕಾಲಿಟ್ಟಲ್ಲೆಲ್ಲ ಕಾಲಿಡುತ್ತದೆ, ದಾರಿಯ ಸೊಪ್ಪು ಮೇಯ್ದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಮರಿ ಆರಿಸುವಾಗ ಅದರ ತಾಯಿಯನ್ನು ನೋಡು. ಆಲ್ಪೈನ್, ಸಾನೆನ್, ಟೋಗೆನ್‌ಬರ್ಗ್, ಒಬರ್‌ಹಾಸ್ಲಿಯಂಥ ಹಾಲಿನ ತಳಿಗಳು ಎತ್ತರ, ಉದ್ದ ಕಾಲು, ಆಳವಾದ ಎದೆಗೂಡು. ಮುಂಗಾಲುಗಳ ನಡುವೆ ನಿನ್ನ ಅಂಗೈ ಆರಾಮಾಗಿ ಹಿಡಿಸಬೇಕು. ಹಿಂಗಾಲು ಒಂದಕ್ಕೊಂದು ತಾಗಬಾರದು, ಗೊರಸಿನ ಮೇಲಿನ ಗಿಣ್ಣು ಕುಸಿದಿರಬಾರದು. ತಾಯಿಯ ಮೊಣಕಾಲು ಊದಿದ್ದರೆ, ದವಡೆಯ ಕೆಳಗೆ ಗಂಟು ಇದ್ದರೆ, ಮರಿ ಎಷ್ಟೇ ಮುದ್ದಾಗಿದ್ದರೂ ವಾಪಸ್ ಬಾ. ಸಿಎಇ, ಸಿಎಲ್, ಯೋನೀಸ್, ಈ ಮೂರು ರೋಗಗಳ ಪರೀಕ್ಷೆಯ ಕಾಗದ ಕೇಳಿ ನೋಡು.

ಮರಿಗೆ ಬಾಟಲಿ ಹಾಲು ಕುಡಿಸಿ ನೀನೇ ಸಾಕು. ನಮ್ಮ ಮನೆಯಲ್ಲಿ ತಬ್ಬಲಿ ಮರಿಗೆ ಅಜ್ಜಿ ಹಾಲು ಕುಡಿಸುತ್ತಿದ್ದದ್ದು ನಿನಗೆ ನೆನಪಿರಲಾರದು. ಆ ಮರಿ ಅಡಿಗೆಮನೆವರೆಗೂ ಅವಳ ಸೆರಗು ಹಿಡಿದು ಬರುತ್ತಿತ್ತು. ಬೆಟ್ಟದಲ್ಲಿ ಹಗ್ಗವಿಲ್ಲದೆ ಹಿಂದೆ ಬರುವ ಆಡು ಹಾಗೆ ಬೆಳೆದದ್ದೇ. ಆದರೆ ಎದೆಯ ಮೇಲೆ ಮುಂಗಾಲಿಡಲು ಮರಿಗೆ ಎಂದೂ ಬಿಡಬೇಡ. ನಾಲ್ಕು ಕಿಲೊ ಇದ್ದಾಗ ಅದು ಆಟ. ತೊಂಬತ್ತು ಕಿಲೊ ಆದಮೇಲೆ ನಿನ್ನ ಹೆಂಡತಿ ಮಕ್ಕಳಿಗೆ ಪೆಟ್ಟಾಗುತ್ತದೆ. ಮೊದಲ ವರ್ಷ ಜೊತೆಗೆ ನಡೆಸು, ನೀರು ದಾಟಿಸು, ಅಷ್ಟೆ. ಆಡಿಗೆ ಕಾಲು ಒದ್ದೆಯಾಗುವುದೇ ದೊಡ್ಡ ಸಂಕಟ. ಎಳೆಯದರಲ್ಲೇ ನೀನು ಮೊದಲು ಹೊಳೆಗಿಳಿದು ಕರೆ. ಎರಡನೇ ವರ್ಷ ಖಾಲಿ ತಡಿ, ಮೂರನೆಯದರಲ್ಲಿ ಹಗುರ ಹೊರೆ.

ಇನ್ನೊಂದು ಮಾತು, ನಾನು ಕಷ್ಟಪಟ್ಟು ಕಲಿತದ್ದು. ನನ್ನ ಮೊದಲ ಹೋತಕ್ಕೆ ಪ್ರೀತಿಯಿಂದ ದಿನಾ ಬೊಗಸೆ ಬೊಗಸೆ ಜೋಳ, ಬಾರ್ಲಿ ಇಡುತ್ತಿದ್ದೆ. ಮೂರನೇ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅದು ಬೆನ್ನು ಚಾಚಿ, ಬಾಲ ಅಲ್ಲಾಡಿಸುತ್ತಾ, ಹಲ್ಲು ಕಡಿಯುತ್ತಾ ನಿಂತಿತ್ತು. ತಿಣುಕಿದರೂ ಒಂದು ಹನಿ ಮೂತ್ರ ಬರಲಿಲ್ಲ. ಮಲಬದ್ಧತೆ ಅಂದುಕೊಂಡು ಒಂದು ದಿನ ಕಳೆದೆ. ಮೂರನೇ ದಿನ ಮೂತ್ರಕೋಶ ಒಡೆದು ಸತ್ತಿತು. ಕಾಳಿನಲ್ಲಿ ರಂಜಕ ಹೆಚ್ಚು. ಅದರಿಂದ ಹರಳು ಕಟ್ಟುತ್ತದೆ. ಎಳೆಯದರಲ್ಲೇ ಬೀಜ ಒಡೆಸಿದ ಹೋತದ ಮೂತ್ರನಾಳ ಸಣ್ಣದು, ಒಂದು ಹರಳು ಸಾಕು ಮುಚ್ಚಲು. ಅದಕ್ಕೇ ನಾಲ್ಕೈದು ತಿಂಗಳು ತುಂಬುವವರೆಗೆ ಬೀಜ ಒಡೆಸಬೇಡ, ಆ ತನಕ ಹೆಣ್ಣುಮರಿಗಳಿಂದ ದೂರ ಕಟ್ಟು. ಒಣಹುಲ್ಲು, ಸೊಪ್ಪು, ಖನಿಜದ ಉಪ್ಪು, ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು ಕೊಡು. ಮೂತ್ರ ಕಟ್ಟಿದ್ದು ಕಂಡ ಗಳಿಗೆಯಲ್ಲೇ ಡಾಕ್ಟರಿಗೆ ಫೋನ್ ಮಾಡು. ಆ ಒಂದು ದಿನ ನಾನು ಯಾಕೆ ಕಾದೆ ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹೊರೆ ಕಟ್ಟುವಾಗ ಎರಡೂ ಕಡೆಯ ಚೀಲವನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗು, ಕಣ್ಣಂದಾಜು ಬೇಡ. ಅರ್ಧ ಕಿಲೊ ವ್ಯತ್ಯಾಸವಿದ್ದರೂ ಇಳಿಜಾರಿನಲ್ಲಿ ತಡಿ ಒಂದು ಕಡೆಗೆ ವಾಲಿ ಬೆನ್ನು ಹುಣ್ಣಾಗುತ್ತದೆ. ಬೇಟೆಯ ಕಾಲದಲ್ಲಿ ಆಡಿಗೂ ಕಿತ್ತಳೆ ಬಟ್ಟೆ ಹೊದಿಸು, ಕೊರಳಿಗೆ ಗಂಟೆ ಕಟ್ಟು. ಕಂದು ಬಣ್ಣದ ಆಡು ದೂರದಿಂದ ಜಿಂಕೆಯಂತೆಯೇ ಕಾಣುತ್ತದೆ.

ಕಾಡಿನ ವಿಷಯದಲ್ಲಿ ನಿನಗೆ ರಿಯಾಯಿತಿ ಇಲ್ಲ. ಇಲ್ಲಿ ಆಡಿಗೆ ಹೊರೆ ಹೇರುವ ಪದ್ಧತಿ ಹರಡಿದ್ದು 1970ರ ದಶಕದಲ್ಲಿ ವಯೋಮಿಂಗಿನಲ್ಲಿ ಬಿಗ್‌ಹಾರ್ನ್ ಎಂಬ ಕಾಡುಕುರಿಗಳ ಬೆನ್ನುಹತ್ತಿ ಅಧ್ಯಯನ ಮಾಡಿದ ಜಾನ್ ಮಿಯಾನ್‌ಚಿನ್ಸ್ಕಿಯವರಿಂದ. ಇಂದು ಅದೇ ಬಿಗ್‌ಹಾರ್ನ್ ಕುರಿಗಳಿಗೆ ನಮ್ಮ ಸಾಕುಪ್ರಾಣಿಗಳಿಂದ ಅಪಾಯ. ಆಡುಕುರಿಗಳ ಮೂಗಿನಲ್ಲಿ ಮೈಕೊಪ್ಲಾಸ್ಮಾ ಎಂಬ ರೋಗಾಣು ಸುಮ್ಮನೆ ಇರಬಹುದು. ಅದು ಬಿಗ್‌ಹಾರ್ನ್ ಹಿಂಡಿಗೆ ತಗುಲಿದರೆ ನ್ಯುಮೋನಿಯಾದಿಂದ ಹಿಂಡಿನ ಬಹುಪಾಲು ಸಾಯಬಹುದು. ವಯೋಮಿಂಗಿನ ಶೊಶೋನಿ ರಾಷ್ಟ್ರೀಯ ಅರಣ್ಯದಲ್ಲಿ ಅವುಗಳ ಮುಖ್ಯ ನೆಲೆಗಳಿಗೆ ಹೊರೆ ಹೊರುವ ಆಡು ಒಯ್ಯುವಂತಿಲ್ಲ. ನೀನು ಹೋಗುವ ಅರಣ್ಯದ ಕಚೇರಿಯಲ್ಲಿ ಮೊದಲೇ ವಿಚಾರಿಸು, ಪ್ರತಿ ಆಡಿನ ಮೂಗಿನ ದ್ರವ ಪರೀಕ್ಷೆ ಮಾಡಿಸು, ರಾತ್ರಿ ಪಕ್ಕದಲ್ಲೇ ಕಟ್ಟಿಕೊಂಡು ಮಲಗು.

ಮಾರ್ಚಿನಲ್ಲಿ ನನ್ನ ಎರಡು ಆಲ್ಪೈನ್ ಆಡುಗಳು ಮರಿ ಹಾಕುತ್ತವೆ. ಒಂದು ವಾರ ರಜೆ ಹಾಕಿ ಬಾ, ರಾತ್ರಿ ಎದ್ದು ಹಾಲು ಕುಡಿಸಿ ನೋಡು. ಆಮೇಲೂ ಮನಸ್ಸಿದ್ದರೆ ಎರಡು ಹೋತಮರಿ ನಿನ್ನವು.

ನಿನ್ನ ದೊಡ್ಡಪ್ಪ