ಬ್ಲೂಮ್ ಫಿಲ್ಟರ್, ಕುಕೂ ಫಿಲ್ಟರ್: ಪರೀಕ್ಷಾ ಟಿಪ್ಪಣಿ

ಭಾರಿ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆಯೇ ಎಂದು ಅಲ್ಪ ಮೆಮೊರಿಯಲ್ಲೇ ಪರೀಕ್ಷಿಸುವ ಬ್ಲೂಮ್ ಫಿಲ್ಟರ್ ವಿಧಾನವನ್ನು 1970ರಲ್ಲಿ ಬರ್ಟನ್ ಬ್ಲೂಮ್ ಪ್ರಕಟಿಸಿದರು.

ತೆರಕಣಾಂಬಿಯೂ ಸೇರಿದಂತೆ ಗುಂಡ್ಲುಪೇಟೆ ತಾಲ್ಲೂಕಿನ 1 ಲಕ್ಷ ಪಡಿತರ ಚೀಟಿ ಸಂಖ್ಯೆಗಳಿವೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಿಟ್‌ಗಳ ಸಾಲು ಮೊದಲು ಪೂರ್ತಿ 0. ಪ್ರತಿ ಸಂಖ್ಯೆಯನ್ನೂ 7 ಹ್ಯಾಶ್ ಫಂಕ್ಷನ್‌ಗಳಿಗೆ ಕೊಟ್ಟು, ಅವು ತೋರಿಸಿದ ಸ್ಥಾನಗಳನ್ನು 1 ಮಾಡುತ್ತೇವೆ. ಹುಡುಕುವಾಗ ಒಂದೇ ಒಂದು ಸ್ಥಾನ 0 ಇದ್ದರೂ ಆ ಚೀಟಿ ಪಟ್ಟಿಯಲ್ಲಿ ಖಂಡಿತ ಇಲ್ಲ. ಎಲ್ಲವೂ 1 ಇದ್ದರೆ ‘ಇರಬಹುದು’ ಅಷ್ಟೆ. ಬೇರೆ ಚೀಟಿಗಳು ಆ ಸ್ಥಾನಗಳನ್ನು ತುಂಬಿರಬಹುದು. ಶೇ 1ರಷ್ಟು ತಪ್ಪನ್ನು ಒಪ್ಪಿದರೆ ಚೀಟಿಗೆ ಸುಮಾರು 9.6 ಬಿಟ್, ಒಟ್ಟು ಸುಮಾರು 120 ಕೆಬಿ ಸಾಕು. ಇಷ್ಟು ಅಗ್ಗದ ಉಪಾಯ ಕಂಪ್ಯೂಟರ್ ವಿಜ್ಞಾನದಲ್ಲಿ ಅಪರೂಪ.

ಒಂದು ಕೊರತೆಯಿದೆ: ಒಂದೇ ಬಿಟ್ಟನ್ನು ಹಲವು ಚೀಟಿಗಳು ಹಂಚಿಕೊಳ್ಳುವುದರಿಂದ ಯಾವುದನ್ನೂ ಅಳಿಸಲಾಗದು. 2014ರ ಕುಕೂ ಫಿಲ್ಟರ್ ಪ್ರತಿ ಸಂಖ್ಯೆಯ ಚಿಕ್ಕ ಗುರುತನ್ನು ಎರಡು ಸಂಭವನೀಯ ಜಾಗಗಳಲ್ಲೊಂದರಲ್ಲಿ ಇಡುತ್ತದೆ. ಹಾಗಾಗಿ ಅಳಿಸುವುದು ಸಾಧ್ಯ.

ಕಸಾಂಡ್ರ, ಎಚ್‌ಬೇಸ್ ಡೇಟಾಬೇಸ್‌ಗಳು ಡಿಸ್ಕ್ ಓದುವ ಮುನ್ನ ಬ್ಲೂಮ್ ಫಿಲ್ಟರ್ ನೋಡಿ, ವ್ಯರ್ಥ ಹುಡುಕಾಟ ತಪ್ಪಿಸುತ್ತವೆ.

ಬ್ಲೂಮ್ ಫಿಲ್ಟರ್‌ನಲ್ಲಿ ಫಾಲ್ಸ್ ಪಾಸಿಟಿವ್ (ಇಲ್ಲದ್ದನ್ನು ‘ಇರಬಹುದು’ ಎನ್ನುವುದು) ಸಾಧ್ಯ, ಫಾಲ್ಸ್ ನೆಗೆಟಿವ್ (ಇರುವುದನ್ನು ‘ಇಲ್ಲ’ ಎನ್ನುವುದು) ಸಾಧ್ಯವಿಲ್ಲ. ಪರೀಕ್ಷೆಯ ಪ್ರಶ್ನೆಯ ಆಯ್ಕೆಗಳಲ್ಲಿ ಇವೆರಡು ಅದಲುಬದಲಾಗಿರಬಹುದು. ಗುರುತು ಹಾಕುವ ಮುನ್ನ ಮತ್ತೊಮ್ಮೆ ಓದಿ.