ಒಲೆಯ ಬಿಸಿ ಎಲ್ಲಿಗೆ ಹೋಗುತ್ತದೆ?

ಗ್ಯಾಸ್ ಬಂದು ವರ್ಷಗಳಾದರೂ ನಮ್ಮ ಮನೆಗಳಲ್ಲಿ ಕುಚ್ಚಲಕ್ಕಿ ಬೇಯುವುದು, ಬಚ್ಚಲ ಹಂಡೆ ಕಾಯುವುದು ಹೆಚ್ಚಾಗಿ ಸೌದೆಯಿಂದಲೇ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಹತ್ತು ಪಾಲಿನಲ್ಲಿ ಒಂದೆರಡು ಮಾತ್ರ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಗೆ, ಗೋಡೆಗೆ. ಹೊಗೆಯೋ ಅಡುಗೆ ಮಾಡುವ ತಾಯಂದಿರ ಕಣ್ಣಿಗೆ, ಶ್ವಾಸಕೋಶಕ್ಕೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಗುಟ್ಟು ಇಷ್ಟೇ: ಬೆಂಕಿಗೆ ಮುಚ್ಚಿದ ಗೂಡು, ಸೌದೆಯಡಿಯಲ್ಲಿ ಗಾಳಿಯಾಡುವ ಜಾಲರಿ, ತೂತಿಗೆ ಸರಿಯಾಗಿ ಕೂರುವ ಪಾತ್ರೆ, ಮಾಡಿನ ಮೇಲಕ್ಕೆ ಹೊಗೆ ಕೊಳವೆ.

ಹಳೆಯ ಬಚ್ಚಲ ಒಲೆಯನ್ನು ಒಡೆಯಬೇಕೆಂದಿಲ್ಲ. ಹೊಗೆಗೆ ಒಂದು ದಾರಿ ಬಿಟ್ಟು ಹಂಡೆಯ ಸುತ್ತಲಿನ ಸಂದನ್ನು ಮಣ್ಣಿನಿಂದ ಮುಚ್ಚೋಣ. ಹಂಡೆಗೊಂದು ಮುಚ್ಚಳ ಬೇಕು; ಎಷ್ಟೋ ಬಚ್ಚಲುಗಳಲ್ಲಿ ಅದೇ ಇಲ್ಲ! ಬೂದಿ ಕಟ್ಟಿದರೆ ಉರಿ ಸೊರಗುತ್ತದೆ, ಆದ್ದರಿಂದ ದಿನವೂ ತೆಗೆದು ತೆಂಗಿನ ಬುಡಕ್ಕೆ ಹಾಕೋಣ. ಅದರಲ್ಲಿ ಪೊಟ್ಯಾಶ್ ಇದೆ. ಕೊಳವೆಯಿದ್ದಲ್ಲಿ ಮಸಿಯನ್ನು ತಿಂಗಳಿಗೊಮ್ಮೆಯಾದರೂ ತೆಗೆಯಬೇಕು. ಮಸಿ ಕಟ್ಟಿದ ಕೊಳವೆಯಿಂದ ಹೊಗೆ ಅಡುಗೆಮನೆಗೇ ಮರಳುತ್ತದೆ. ಆಗ ನಾವು ಒಲೆಯನ್ನೇ ದೂರುತ್ತೇವೆ.

ಆಗಷ್ಟೇ ಕಡಿದ ಸೌದೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಆ ನೀರು ಆರುವವರೆಗೂ ಉರಿಯ ಬಿಸಿ ಅದಕ್ಕೇ ಖರ್ಚು, ಹೊಗೆಯೂ ಜಾಸ್ತಿ. ಬೇಸಗೆಯಲ್ಲೇ ಸೀಳಿ, ಒಣಗಿಸಿ, ಮಳೆ ಹಿಡಿಯುವ ಮುನ್ನ ಸೂರಿನಡಿ ಒಟ್ಟಿಡಬೇಕು. ಉರಿ ಹಿಡಿಸಲು ಒಣ ಮಡಲು, ಗೆರಟೆ ಸಾಕು. ಪ್ಲಾಸ್ಟಿಕ್ ಮಾತ್ರ ಬೇಡ, ಅದರ ಹೊಗೆ ವಿಷ.